ಒಂದೇ ಬಂಡೆಯ ಮೇಲಿನಿಂದ ಶರಾವತಿ ಹಿನ್ನೀರು

ಸಾಗರ ತಾಲ್ಲೂಕಿನಲ್ಲಿ ಮಳೆಗಾಲದ ಮಾತುಕತೆ ಶುರುವಾಗುವುದೇ ಒಂದು ಸಂಖ್ಯೆಯಿಂದ. ಲಿಂಗನಮಕ್ಕಿ ಜಲಾಶಯದ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಇವತ್ತು ಎಷ್ಟಾಗಿದೆ, ನಿನ್ನೆಗಿಂತ ಎಷ್ಟು ಏರಿದೆ, ಹೋದ ವರ್ಷ ಇದೇ ದಿನ ಎಷ್ಟಿತ್ತು ಎಂಬುದನ್ನು ದಿನಪತ್ರಿಕೆಯ ಜಲಾಶಯಗಳ ಪಟ್ಟಿಯಲ್ಲಿ ನೋಡಿಕೊಂಡ ಮೇಲೆಯೇ ಇಲ್ಲಿನ ಹಲವರು ಉಳಿದ ಸುದ್ದಿಗಳ ಕಡೆ ಕಣ್ಣು ಹಾಯಿಸುತ್ತಾರೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಬೇಸಿಗೆ ಮುಗಿಯುವ ಹೊತ್ತಿಗೆ ನೀರು ಆ ಮಟ್ಟದಿಂದ ಐವತ್ತು ಅಡಿಗೂ ಹೆಚ್ಚು ಕೆಳಗಿಳಿದಿರುತ್ತದೆ. ಹಾಗೆ ಇಳಿದಾಗ ಹೊರಬೀಳುವ ನೆಲ, ವರ್ಷದ ಕೆಲವು ತಿಂಗಳು ನೀರಿನ ಪಾಲಾಗಿ ಉಳಿದ ತಿಂಗಳುಗಳಲ್ಲಿ ಬಿಸಿಲಿಗೆ ಬಿದ್ದುಕೊಂಡಿರುವ ಆ ಕೆಂಪು ಪಟ್ಟಿ, 2013ರಿಂದ ನನ್ನ ಛಾಯಾಗ್ರಹಣದ ವಸ್ತುವಾಗಿದೆ. ಒಂದೇ ಬಂಡೆಯ ಮೇಲೆ, ಒಂದೇ ಎತ್ತರದಲ್ಲಿ, ಒಂದೇ ಲೆನ್ಸಿನಿಂದ, ಒಂದೇ ಚೌಕಟ್ಟನ್ನು ಮತ್ತೆ ಮತ್ತೆ ತೆಗೆಯುತ್ತ ಬಂದಿದ್ದೇನೆ. ಈ ಕೆಲಸವನ್ನು ಹೇಗೆ ಮಾಡುತ್ತೇನೆ, ಮಾಡುತ್ತ ಹೋದಂತೆ ಏನೇನು ಕಂಡಿತು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಹಿನ್ನೀರನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಮನೆಯಲ್ಲಿದೆ. ನಮ್ಮದು ಮುಳುಗಡೆಯಿಂದ ಎದ್ದು ಬಂದ ಕುಟುಂಬ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಶರಾವತಿ ಕಣಿವೆಯ ಊರುಗಳು, ಗದ್ದೆಗಳು, ಅಡಿಕೆ ತೋಟಗಳು, ಕಾನು ಎನ್ನುವ ದಟ್ಟ ನಿತ್ಯಹಸಿರು ಕಾಡುಗಳು ನೀರಿನಡಿಗೆ ಹೋದವು. ಅದಕ್ಕೂ ಮೊದಲು, 1948ರಲ್ಲಿ ಆರಂಭವಾದ ಜೋಗದ ವಿದ್ಯುದಾಗಾರಕ್ಕೆ ನೀರು ಹಿಡಿದಿಡುತ್ತಿದ್ದ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟನ್ನೂ ಈ ಹೊಸ ಜಲಾಶಯ ನುಂಗಿತು. ನೀರು ತೀರ ಇಳಿದ ವರ್ಷಗಳಲ್ಲಿ ಎಂಜಿನಿಯರ್ ಗಣೇಶ್ ಅಯ್ಯರ್ ಅವರ ವಿನ್ಯಾಸದ, ಹೆಚ್ಚಾದ ನೀರನ್ನು ತಾವಾಗಿಯೇ ಹೊರಹಾಕುವ ಸೈಫನ್‌ಗಳೊಂದಿಗೆ ಅದು ಇಡಿಯಾಗಿ ಎದ್ದು ನಿಲ್ಲುವುದನ್ನು ನೋಡಲು ಜನ ಈಗಲೂ ಹೋಗುತ್ತಾರೆ. ಅಣೆಕಟ್ಟುಗಳ ಫೋಟೋಗಳು ಸಿಗುತ್ತವೆ. ಆದರೆ ಮುಳುಗುವ ಮುನ್ನಿನ ಊರು ಹೇಗಿತ್ತು ಎಂದು ತೋರಿಸುವ ಚಿತ್ರ ನಮ್ಮ ಮನೆಯಲ್ಲಿ ಒಂದೂ ಇಲ್ಲ, ನಾನು ಕೇಳಿ ನೋಡಿದ ನೆಂಟರಿಷ್ಟರ ಮನೆಗಳಲ್ಲೂ ಇಲ್ಲ. ಮದುವೆಗೆ ಕೂಡ ಫೋಟೋ ತೆಗೆಸುವ ಅನುಕೂಲವಿಲ್ಲದಿದ್ದ ಕಾಲದಲ್ಲಿ ಗದ್ದೆಯ ಬದುವನ್ನೋ ಹೊಳೆಯ ದಂಡೆಯನ್ನೋ ಯಾರು ತೆಗೆಸಿಯಾರು? ಆ ನಷ್ಟವನ್ನು ಈಗ ತುಂಬಿಕೊಡಲು ಯಾರಿಂದಲೂ ಆಗದು. ಅಂದಿನಿಂದ ಈ ನೆಲಕ್ಕೆ ಏನಾಗುತ್ತಿದೆ ಎಂಬುದನ್ನಾದರೂ ಬಿಟ್ಟೂಬಿಡದೆ ದಾಖಲಿಸಬಹುದಲ್ಲ ಎಂಬ ಆಸೆಯಿಂದ ಹೊರಟೆ.

ಅದಕ್ಕೆ ಮೊದಲು ನಾನು ಹಕ್ಕಿಗಳ ಚಿತ್ರ ತೆಗೆಯುತ್ತಿದ್ದೆ. ಕರ್ನಾಟಕದಲ್ಲಿ ವನ್ಯಜೀವಿ ಛಾಯಾಗ್ರಹಣಕ್ಕೆ ಗಟ್ಟಿಯಾದ ಪರಂಪರೆಯಿದೆ. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್, ಸಂಡೂರಿನ ಎಂ.ವೈ. ಘೋರ್ಪಡೆ ಅವರಂಥವರು ಭಾರವಾದ ಸಲಕರಣೆ ಹೊತ್ತು, ಮರೆಯಲ್ಲಿ ಗಂಟೆಗಟ್ಟಲೆ ಕಾದು ತೆಗೆದ ಚಿತ್ರಗಳನ್ನು ನೋಡಿಯೇ ನನ್ನಂಥವರು ಕ್ಯಾಮೆರಾ ಹಿಡಿದದ್ದು. ಅವರಿಂದ ಕಲಿತ ತಾಳ್ಮೆ ಈ ಕೆಲಸಕ್ಕೂ ಬೇಕಾಯಿತು, ಆದರೆ ಬಳಸಿದ ಬಗೆ ಬೇರೆ. ಹಕ್ಕಿಯ ಚಿತ್ರದಲ್ಲಿ ಬೆಳಕು ಸರಿಹೋಗುವವರೆಗೆ, ಕಣ್ಣಿನಲ್ಲಿ ಮಿಂಚು ಬರುವವರೆಗೆ, ರೆಕ್ಕೆ ಬಿಚ್ಚುವವರೆಗೆ ಕಾದು, ನೂರು ಗಳಿಗೆಗಳಲ್ಲಿ ಒಂದನ್ನು ಆರಿಸಿ ತೊಂಬತ್ತೊಂಬತ್ತನ್ನು ಬಿಡುತ್ತೇವೆ. ಇಲ್ಲಿ ಆರಿಸುವ ಅಧಿಕಾರವನ್ನೇ ಬಿಟ್ಟುಕೊಡಬೇಕು. ಗೊತ್ತುಮಾಡಿದ ದಿನ ಆಕಾಶ ಮಂಕಾಗಿದ್ದರೂ, ನೀರಿನ ಮೇಲೆ ಕಸ ತೇಲುತ್ತಿದ್ದರೂ, ಎದುರಿನ ಗುಡ್ಡವೇ ಕಾಣದಿದ್ದರೂ ಚಿತ್ರ ತೆಗೆಯಲೇಬೇಕು. ಚೆಂದದ ದಿನವನ್ನು ಹುಡುಕಿಕೊಂಡು ಹೋಗಿ ತೆಗೆದ ಚಿತ್ರಗಳ ಸಾಲು ಹುಡುಕಿದವನ ರುಚಿಯನ್ನು ತೋರಿಸುತ್ತದೆಯೇ ಹೊರತು ಆ ಜಾಗದ ಕಾಲವನ್ನಲ್ಲ. ಸಾಕ್ಷಿ ಎಂಬ ಮಾತಿಗೆ ಬೆಲೆ ಬರಬೇಕಾದರೆ ಕಂಡದ್ದರಲ್ಲಿ ತನಗೆ ಬೇಕಾದದ್ದನ್ನು ಮಾತ್ರ ಹೇಳುವ ಸ್ವಾತಂತ್ರ್ಯ ಸಾಕ್ಷಿಗೆ ಇರಕೂಡದು ಎಂದು ನಾನು ನಂಬಿದ್ದೇನೆ.

ಈ ಕ್ರಮ ನಾನು ಕಂಡುಹಿಡಿದದ್ದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಗಣಿತಜ್ಞ ಸೆಬಾಸ್ಟಿಯನ್ ಫಿನ್‌ಸ್ಟರ್‌ವಾಲ್ಡರ್ ಆಲ್ಪ್ಸ್ ಪರ್ವತದ ಹಿಮನದಿಗಳನ್ನು ಅಳೆಯಲು ಛಾಯಾಚಿತ್ರಗಳನ್ನು ಬಳಸಿದರು. ಗುರುತಿಟ್ಟ ಸ್ಥಾನಗಳಿಗೆ ಮರಳಿ ಹೋಗಿ ತೆಗೆದರೆ ಹಿಮ ಎಷ್ಟು ಹಿಂದೆ ಸರಿದಿದೆ ಎಂಬುದನ್ನು ಅಳೆಯಬಹುದೆಂದು ಅಲ್ಲಿಂದ ಗೊತ್ತಾಯಿತು. 1970ರ ದಶಕದ ಕೊನೆಯಲ್ಲಿ ಮಾರ್ಕ್ ಕ್ಲೆಟ್ ಮತ್ತು ಅವರ ಸಂಗಡಿಗರು ಅಮೆರಿಕದ ಪಶ್ಚಿಮ ಭಾಗದ ನೂರು ವರ್ಷ ಹಳೆಯ ಸರ್ವೆ ಚಿತ್ರಗಳನ್ನು ಹಿಡಿದುಕೊಂಡು ಅವೇ ಜಾಗಗಳಲ್ಲಿ ನಿಂತು ಮತ್ತೆ ತೆಗೆದರು. ನಮ್ಮ ನಾಡಿನಲ್ಲೇ ಇದಕ್ಕೆ ಒಳ್ಳೆಯ ಉದಾಹರಣೆಯಿದೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯನ್ನು ಚಿತ್ರಿಸಿದ್ದರು. ನೂರು ವರ್ಷಕ್ಕೂ ಹೆಚ್ಚು ಕಾಲದ ಮೇಲೆ ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗೊಲಿಂಗ್ಸ್ ಅವೇ ಸ್ಥಾನಗಳನ್ನು ಹುಡುಕಿ ಅವೇ ನೋಟಗಳನ್ನು ಮತ್ತೆ ಹಿಡಿದರು. ವಿಠ್ಠಲ ದೇವಸ್ಥಾನದ ಕಲ್ಲಿನ ರಥದ ಮೇಲೆ ಹಿಂದೆ ಇಟ್ಟಿಗೆಯ ಗೋಪುರವಿತ್ತು ಎಂಬುದು ಇವತ್ತು ರಥವನ್ನು ನೋಡಿದವರ ಕಲ್ಪನೆಗೂ ಬರುವುದಿಲ್ಲ. ಗ್ರೀನ್‌ಲಾ ಅವರ ಚಿತ್ರದಲ್ಲಿ ಅದು ಕಣ್ಣಿಗೆ ಕಟ್ಟುವಂತೆ ನಿಂತಿದೆ. ಆ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದ್ದೇ ನನಗೆ ದೊಡ್ಡ ಪಾಠವಾಯಿತು. ಚಿತ್ರವೊಂದರ ಬೆಲೆ ಅದನ್ನು ತೆಗೆದ ದಿನ ಪೂರ್ತಿ ಗೊತ್ತಾಗುವುದಿಲ್ಲ. ಇನ್ನೊಬ್ಬರು ಬಂದು ಅಲ್ಲೇ ನಿಂತಾಗ ಅದು ಬೆಳೆಯುತ್ತದೆ.

ಜಾಗ ಹುಡುಕುವುದಕ್ಕೆ ಒಂದು ಬೇಸಿಗೆ ಪೂರ್ತಿ ಹಿಡಿಯಿತು. ನನಗೆ ಬೇಕಾದದ್ದು ಮೂರು. ಜಲಾಶಯ ತುಂಬಿದಾಗಲೂ ಮುಳುಗದ, ಮಳೆಗೆ ಕುಸಿಯದ ನಿಲುವು. ನೀರು ಇಳಿದಾಗ ಬೆತ್ತಲಾಗುವ ಇಳಿಜಾರು ಕಣ್ಣೆದುರಿಗೇ ಬರಬೇಕು. ಆಚೆಗೆ ಗಿಡಮರಗಳಿರುವ, ಬೇಗ ಬದಲಾಗದ ಒಂದು ಗುಡ್ಡ ಹಿನ್ನೆಲೆಯಾಗಿ ಸಿಗಬೇಕು. ಸಿಗಂದೂರಿಗೆ ಹೋಗುವವರು ಲಾಂಚ್ ಹತ್ತುತ್ತಿದ್ದ ಹೊಳೆಬಾಗಿಲಿನಿಂದ ಒಂದಷ್ಟು ದೂರದಲ್ಲಿ, ಪರಿಚಿತ ರೈತರೊಬ್ಬರ ಬೆಟ್ಟದ ಅಂಚಿನಲ್ಲಿ, ಹಾಗೆ ಹರಡಿಕೊಂಡ ಜಂಬಿಟ್ಟಿಗೆ ಕಲ್ಲಿನ ಬಂಡೆಯೊಂದು ಸಿಕ್ಕಿತು. ಅಲ್ಲಿಂದ ಪಶ್ಚಿಮಕ್ಕೆ ಮುಖ ಮಾಡಿದರೆ ಮುಂದೆ ಇಳಿಜಾರು, ಅದರ ತುಂಬ ಮುಳುಗಡೆಗೆ ಮುಂಚೆ ಕಡಿದ ಮರಗಳ ಕುಂಟೆಗಳು ಅಂದರೆ ಬೊಡ್ಡೆಗಳು, ಆಮೇಲೆ ನೀರು, ನೀರಿನಾಚೆ ಒಂದು ನಡುಗಡ್ಡೆ. ಹಿಂದೆ ಅದು ಗುಡ್ಡದ ತಲೆಯಾಗಿತ್ತು. ಕಡು ಬೇಸಿಗೆಯಲ್ಲಿ ಈಗಲೂ ನೆಲದೊಂದಿಗೆ ಸೇರಿಕೊಂಡು ಗುಡ್ಡವೇ ಆಗುತ್ತದೆ. ಅದರ ಒಂದು ಮಗ್ಗುಲಿನಲ್ಲಿ ಹಳೆಯ ಕಾನಿನ ತುಣುಕು, ಇನ್ನೊಂದು ಮಗ್ಗುಲಿನಲ್ಲಿ ಅಕೇಶಿಯಾ ನೆಡುತೋಪು.

ಅದೇ ಜಾಗಕ್ಕೆ ಮರಳುವುದು ಕೇಳುವುದಕ್ಕೆ ಸುಲಭ. ಬಂಡೆ ಅಲ್ಲೇ ಇರುತ್ತದೆ, ಆದರೆ ಬಂಡೆಯ ಮೇಲೆ ಎಲ್ಲಿ ಎಂಬುದು ಪ್ರಶ್ನೆ. ಮೊಬೈಲಿನ ಜಿಪಿಎಸ್ ಕೆಲವು ಮೀಟರ್‌ಗಳ ಅಂದಾಜು ಕೊಡುತ್ತದೆ. ಹತ್ತಿರದ ಕುಂಟೆಗಳಿರುವ ಚೌಕಟ್ಟಿನಲ್ಲಿ ಒಂದು ಗೇಣು ಆಚೀಚೆಯಾದರೂ ಚಿತ್ರಗಳು ಒಂದರ ಮೇಲೊಂದು ಕೂರುವುದಿಲ್ಲ. ಅದಕ್ಕೆ ನೆಚ್ಚಬಹುದಾದ ಉಪಾಯ ಹತ್ತಿರದ ವಸ್ತುವನ್ನೂ ದೂರದ ವಸ್ತುವನ್ನೂ ಒಂದೇ ಗೆರೆಯಲ್ಲಿ ಹಿಡಿಯುವುದು. ನನ್ನ ಚೌಕಟ್ಟಿನ ಎಡಗಡೆ ಒಂದು ಹಳೆಯ ಸರ್ವೆ ಕಲ್ಲಿದೆ. ಅದರ ಬಲ ಅಂಚು ಸರಿಯಾಗಿ ದೂರದ ಬೆಟ್ಟಸಾಲಿನ ಒಂದು ತಗ್ಗಿಗೆ ತಾಗುವಂತೆ ನಿಲ್ಲಬೇಕು. ನಾನು ಬಲಕ್ಕೆ ಸರಿದರೆ ಕಲ್ಲು ತಗ್ಗಿನಿಂದ ಎಡಕ್ಕೆ ಹೋಗುತ್ತದೆ, ಎಡಕ್ಕೆ ಸರಿದರೆ ಬಲಕ್ಕೆ. ಇದೊಂದು ಗೆರೆ. ಬಲಗಡೆ ಒಂದು ಚೂಪು ಬಂಡೆಯ ತುದಿ ನಡುಗಡ್ಡೆಯ ಕಲ್ಲಿನ ಬಿರುಕೊಂದಕ್ಕೆ ಕೂಡುವುದು ಇನ್ನೊಂದು ಗೆರೆ. ಎರಡು ಗೆರೆಗಳೂ ಒಟ್ಟಿಗೆ ಕೂಡುವ ಬಿಂದು ಭೂಮಿಯ ಮೇಲೆ ಒಂದೇ. ಎತ್ತರಕ್ಕೂ ಇದೇ ನಿಯಮ ಅನ್ವಯಿಸುತ್ತದೆ: ಸರ್ವೆ ಕಲ್ಲಿನ ತಲೆ ಆಚೆ ದಡದ ಗೊತ್ತಾದ ಬಂಡೆಯೊಂದಕ್ಕೆ ಸಮವಾಗುವವರೆಗೆ ಟ್ರೈಪಾಡ್ ಏರಿಸಿ ಇಳಿಸುತ್ತೇನೆ. ಗುರುತಿಗೆ ಕುಂಟೆಗಳನ್ನಾಗಲಿ ಮರಗಳನ್ನಾಗಲಿ ಬೇಕೆಂದೇ ಬಳಸಲಿಲ್ಲ. ಯಾವುದು ಬದಲಾಗುವುದನ್ನು ನೋಡಲು ಹೊರಟಿದ್ದೇವೋ ಅದನ್ನೇ ಅಳತೆಯ ಗೂಟವಾಗಿ ಮಾಡಿಕೊಳ್ಳಲಾಗದು.

ಮೊದಲ ಚಿತ್ರದ ಒಂದು ದೊಡ್ಡ ಪ್ರಿಂಟನ್ನು ಪ್ಲಾಸ್ಟಿಕ್ ಹೊದಿಕೆಯಲ್ಲಿ ಹಾಕಿ ಯಾವಾಗಲೂ ಜೊತೆಗೆ ಒಯ್ಯುತ್ತೇನೆ. ಅದರ ಮೇಲೆ ಚೌಕಗಳ ಗೆರೆ ಎಳೆದಿದೆ; ಕ್ಯಾಮೆರಾದ ಪರದೆಯ ಮೇಲೂ ಅಂಥದೇ ಗೆರೆಗಳಿರುವುದರಿಂದ ಎರಡನ್ನೂ ಹೋಲಿಸಿ, ಮೂಲೆಯಿಂದ ಮೂಲೆಗೆ ತಾಳೆ ನೋಡಿ, ಆಮೇಲೆ ಬಟನ್ ಒತ್ತುತ್ತೇನೆ. ಲೆನ್ಸ್ 35 ಮಿಲಿಮೀಟರಿನದು, ಜೂಮ್ ಇಲ್ಲ. ಬೆಳಕು ಒಳಬಿಡುವ ಕಿಂಡಿಯಾದ ಅಪರ್ಚರ್ ಎಫ್ 8, ಬೆಳಕಿಗೆ ಸ್ಪಂದಿಸುವ ಮಟ್ಟವಾದ ಐಎಸ್‌ಒ 100, ಬಣ್ಣಗಳನ್ನು ಸರಿತೂಗಿಸುವ ವೈಟ್ ಬ್ಯಾಲೆನ್ಸ್ ಹಗಲು ಬೆಳಕಿಗೆ. ಇವು ಯಾವುವನ್ನೂ ಬದಲಿಸುವುದಿಲ್ಲ, ಶಟರ್ ವೇಗವೊಂದೇ ಬೆಳಕಿಗೆ ತಕ್ಕಂತೆ ಹೊಂದಿಕೊಳ್ಳುತ್ತದೆ. ನೀರಿನ ಹೊಳಪನ್ನು ತಗ್ಗಿಸಿ ಆಕಾಶವನ್ನು ಗಾಢಗೊಳಿಸುವ ಪೋಲರೈಸರ್ ಫಿಲ್ಟರನ್ನು ಈ ಕೆಲಸಕ್ಕೆ ಮುಟ್ಟುವುದಿಲ್ಲ. ಕ್ಯಾಮೆರಾ ಹಿಡಿದ, ತಿದ್ದದ ಮೂಲ ದಾಖಲೆಯಾದ ರಾ ಫೈಲನ್ನು ಹಾಗೆಯೇ ಕಾಪಾಡುತ್ತೇನೆ.

ಬೆಳಕಿನ ವಿಷಯದಲ್ಲಿ ಸ್ವಲ್ಪ ನಿಧಾನಿಸಬೇಕು. ದಿನವೂ ಒಂದೇ ಗಂಟೆಗೆ ತೆಗೆದರೆ ಒಂದೇ ಬೆಳಕು ಸಿಗುತ್ತದೆ ಎಂದು ತೋರುವುದು ಸಹಜ. ಹಾಗಾಗುವುದಿಲ್ಲ. ನಾನು ಬೆಳಿಗ್ಗೆ ಪೂರ್ವಕ್ಕೆ ಬೆನ್ನು ಹಾಕಿ ನಿಲ್ಲುವುದರಿಂದ ಡಿಸೆಂಬರಿನಲ್ಲಿ ಸೂರ್ಯ ನನ್ನ ಎಡ ಭುಜದ ಹಿಂದೆ, ಆಗ್ನೇಯದಲ್ಲಿ ಇರುತ್ತಾನೆ; ಕುಂಟೆಗಳ ನೆರಳು ಬಲಕ್ಕೆ ಓರೆಯಾಗಿ ಬೀಳುತ್ತದೆ. ಜೂನ್ ಹೊತ್ತಿಗೆ ಈಶಾನ್ಯಕ್ಕೆ ಸರಿದು ಬಲ ಭುಜದ ಹಿಂದೆ ಬರುತ್ತಾನೆ, ನೆರಳು ಎಡಕ್ಕೆ ಹೊರಳುತ್ತದೆ. ಮೊದಲೆರಡು ವರ್ಷದ ಚಿತ್ರಗಳನ್ನು ವೇಗವಾಗಿ ಒಂದರ ಹಿಂದೊಂದು ತೋರಿಸಿದಾಗ ನೆಲದ ಮೇಲೆ ಏನೋ ಬೀಸುತ್ತಿರುವಂತೆ ಕಾಣುತ್ತಿದ್ದದ್ದು ಈ ನೆರಳುಗಳ ವಾರ್ಷಿಕ ಚಲನೆಯೇ. ಹಾಗಾಗಿ ಹೋಲಿಕೆಯನ್ನು ಎರಡು ವಿಧದಲ್ಲಿ ಮಾಡುತ್ತೇನೆ. ವರ್ಷದಿಂದ ವರ್ಷಕ್ಕೆ ಆದ ಬದಲಾವಣೆಯನ್ನು ನೋಡಬೇಕಾದರೆ ಅದೇ ತಾರೀಖಿನ, ಅದೇ ಗಂಟೆಯ ಚಿತ್ರಗಳನ್ನು ಜೋಡಿಸುತ್ತೇನೆ. ಆಗ ಸೂರ್ಯನ ಸ್ಥಾನ ಒಂದೇ ಆಗಿರುವುದರಿಂದ ಕಾಣುವ ವ್ಯತ್ಯಾಸವೆಲ್ಲ ನೆಲದ್ದು. ತಿಂಗಳಿಂದ ತಿಂಗಳಿಗೆ ನೋಡಬೇಕಾದರೆ ಮೋಡ ಕವಿದ ದಿನದ ಚಿತ್ರಗಳು ವಾಸಿ. ನೆರಳಿಲ್ಲದ ಆ ಚಪ್ಪಟೆ ಬೆಳಕಿನಲ್ಲಿ ಮಣ್ಣಿನ ಬಣ್ಣ, ಹುಲ್ಲಿನ ಹಸಿರು, ನೀರಿನ ಅಂಚು ಯಾವ ಗೊಂದಲವೂ ಇಲ್ಲದೆ ಓದಿಸಿಕೊಳ್ಳುತ್ತವೆ. ಚೆಂದದ ಭೂದೃಶ್ಯಕ್ಕೆ ಯಾರೂ ಬಯಸದ ಬೆಳಕು ಅದು. ಈ ಸಾಲಿಗೆ ಅದಕ್ಕಿಂತ ಬೆಲೆಯುಳ್ಳದ್ದು ಇನ್ನೊಂದಿಲ್ಲ.

ಮಳೆಗಾಲ ಶ್ರಮದ ಕಾಲ. ಜುಲೈಯಲ್ಲಿ ಬಂಡೆಯ ಮೇಲೆ ಪಾಚಿ ಕಟ್ಟಿ ಕಾಲು ನಿಲ್ಲುವುದಿಲ್ಲ; ಬೆಟ್ಟದ ದಾರಿಯಲ್ಲಿ ಉಂಬಳಗಳು ಹತ್ತುತ್ತವೆ; ಛತ್ರಿ ಹಿಡಿಯಲು ಜೊತೆಗೊಬ್ಬರು ಬೇಕೇ ಬೇಕು. ಲೆನ್ಸಿನ ಒಳಗೆ ಬೂಸಲು ಹಿಡಿಯದಂತೆ ಮನೆಗೆ ಬಂದ ಕೂಡಲೇ ಒರೆಸಿ, ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಬೇಕು. ಇಷ್ಟೆಲ್ಲ ಮಾಡಿ ತೆಗೆದ ಚಿತ್ರದಲ್ಲಿ ಎಷ್ಟೋ ಸಲ ಹತ್ತಿರದ ಸರ್ವೆ ಕಲ್ಲು ಬಿಟ್ಟರೆ ಬೇರೇನೂ ಕಾಣುವುದಿಲ್ಲ, ಉಳಿದದ್ದೆಲ್ಲ ಬಿಳಿ. ಆ ಬಿಳಿಯ ಚಿತ್ರಗಳನ್ನು ನಾನು ಬೇರೆಯವರಿಗೆ ತೋರಿಸುವಾಗ ಒಂದನ್ನೂ ತೆಗೆದುಹಾಕುವುದಿಲ್ಲ. ಮಲೆನಾಡಿನ ಮಳೆ ಎಂದರೆ ಹೀಗೆ, ವಾರಗಟ್ಟಲೆ ಎದುರಿನ ಗುಡ್ಡವನ್ನು ಇಲ್ಲವಾಗಿಸುವುದು. ಅದನ್ನು ತೋರಿಸಲು ಇದಕ್ಕಿಂತ ನಿಜವಾದ ಚಿತ್ರ ನನಗೆ ತಿಳಿದಂತೆ ಇಲ್ಲ.

ಪ್ರತಿ ಚಿತ್ರದ ಜೊತೆಗೆ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆಯುತ್ತೇನೆ. ತಾರೀಖು, ಗಂಟೆ, ಮೋಡ, ಗಾಳಿ, ಆ ದಿನದ ಪತ್ರಿಕೆಯಲ್ಲಿ ಬಂದ ನೀರಿನ ಮಟ್ಟ. ಈ ಕೊನೆಯ ಅಂಶವನ್ನು ಸುಮ್ಮನೆ ಅಭ್ಯಾಸಕ್ಕೆಂದು ಬರೆದುಕೊಂಡಿದ್ದೆ. ಅದೇ ಈ ಕೆಲಸದ ಬೆನ್ನೆಲುಬಾಯಿತು. ಚಿತ್ರದಲ್ಲಿ ಯಾವ ಕುಂಟೆಯ ಬುಡಕ್ಕೆ ನೀರು ತಾಗಿದೆ ಎಂಬುದನ್ನೂ ಪತ್ರಿಕೆಯ ಅಡಿ ಲೆಕ್ಕವನ್ನೂ ಜೋಡಿಸುತ್ತ ಹೋದಂತೆ, ಇಳಿಜಾರಿನಲ್ಲಿ ಕಾಣುವ ಪ್ರತಿಯೊಂದು ಕುಂಟೆಗೂ ಒಂದು ಎತ್ತರ ಗೊತ್ತಾಯಿತು. ಈಗ ಮಟ್ಟ ಬರೆಯದ ಯಾವುದಾದರೂ ಚಿತ್ರ ಕೊಟ್ಟರೂ ಕುಂಟೆಗಳನ್ನು ನೋಡಿ ಅಂದಿನ ಮಟ್ಟವನ್ನು ಒಂದೆರಡು ಅಡಿಗಳ ಅಂತರದಲ್ಲಿ ಹೇಳಬಹುದು. ಇನ್ನೂ ಒಂದು ಸಂಗತಿ ಅದರಿಂದ ತಿಳಿಯಿತು. ಅಕ್ಟೋಬರಿನಿಂದ ಮೇವರೆಗೆ ನೀರು ನಿಧಾನವಾಗಿ, ವಿದ್ಯುತ್ತಿಗೆ ಬಿಟ್ಟಷ್ಟು ಬಿಟ್ಟಷ್ಟೇ ಇಳಿಯುತ್ತ, ಇಳಿಜಾರಿನ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಗೆರೆಗಳನ್ನು ಬಿಡುತ್ತದೆ. ಒಂದೊಂದು ಗೆರೆಯೂ ನೀರು ಕೆಲವು ದಿನ ನಿಂತ ಜಾಗ. ಜುಲೈಯ ಜಡಿಮಳೆಯಲ್ಲಿ ಅದೇ ನೀರು ದಿನಕ್ಕೆ ಒಂದೆರಡು ಅಡಿಯಂತೆ ಏರಿ ಎಂಟು ತಿಂಗಳು ಬರೆದದ್ದನ್ನು ಕೆಲವೇ ವಾರಗಳಲ್ಲಿ ಅಳಿಸಿಬಿಡುತ್ತದೆ. ಕಾಲ ಇಲ್ಲಿ ಒಂದೇ ವೇಗದಲ್ಲಿ ನಡೆಯುವುದಿಲ್ಲ ಎಂಬುದು ಕಣ್ಣಿಗೆ ಕಂಡದ್ದು ಆಗ.

ನೀರು ಇಳಿದ ಮೇಲೆ ಫೆಬ್ರವರಿಯ ಹೊತ್ತಿಗೆ ಹಸಿ ಮಣ್ಣಿನ ಮೇಲೆ ಹುಲ್ಲು ಚಿಗುರುತ್ತದೆ, ಸುತ್ತಲ ಊರುಗಳ ದನಗಳು ಮೇಯಲು ಬರುತ್ತವೆ. ಹಾಗೆ ದನ ಹೊಡೆದುಕೊಂಡು ಬಂದ ಅಜ್ಜಿಯೊಬ್ಬರು ನನ್ನ ಕೈಯಲ್ಲಿದ್ದ ಪ್ರಿಂಟನ್ನು ಇಸಿದುಕೊಂಡು ಬಹಳ ಹೊತ್ತು ನೋಡಿದರು. ಮುಳುಗಡೆಯಾಗುವಾಗ ತಮಗೆ ಹತ್ತೋ ಹನ್ನೊಂದೋ ವರ್ಷ ಎಂದರು. ಚಿತ್ರದ ಮಧ್ಯದ ಒಂದು ದೊಡ್ಡ ಕುಂಟೆಯ ಮೇಲೆ ಬೆರಳಿಟ್ಟು, "ಇದು ಹೊನ್ನೆ ಮರ ಕಣೋ ತಮ್ಮಾ. ಇದರ ಬುಡದಲ್ಲೇ ನಾವು ಮಕ್ಕಳೆಲ್ಲ ಕೂತು ಆಡ್ತಿದ್ದದ್ದು. ಆಗ ಹಿಂಗೆ ಬೇರು ಕಾಣ್ತಿರಲಿಲ್ಲ, ನೆಲ ಇಲ್ಲೀವರೆಗೂ ಇತ್ತು," ಎಂದು ಬೇರುಗಳು ಕವಲೊಡೆಯುವ ಜಾಗವನ್ನು ತೋರಿಸಿದರು. "ಅಜ್ಜೀ, ಅಷ್ಟು ಖಚಿತವಾಗಿ ಹ್ಯಾಗೆ ನೆನಪಿದೆ?" ಎಂದು ಕೇಳಿದೆ. "ಆಡಿದ ನೆಲ ಮರೀತದಾ?" ಎಂದು ಅವರು ಪ್ರಿಂಟನ್ನು ಹಿಂತಿರುಗಿಸಿ ದನಗಳ ಹಿಂದೆ ಹೋದರು.

ಅವರ ಮಾತು ನನ್ನ ಚಿತ್ರಗಳನ್ನು ಓದುವ ಕ್ರಮವನ್ನೇ ಬದಲಿಸಿತು. ಅಲ್ಲಿಯವರೆಗೆ ನಾನು ಜೇಡರ ಹುಳುವಿನಂತೆ ಕಾಲೂರಿ ನಿಂತ ಆ ಕುಂಟೆಗಳನ್ನು ವಿಚಿತ್ರವಾದ ಆಕಾರಗಳೆಂದು ನೋಡುತ್ತಿದ್ದೆ. ಮರದ ಕಾಂಡ ಮುಗಿದು ಬೇರು ಹರಡುವ ಜಾಗ ಎಂದರೆ ಆ ಮರ ಬದುಕಿದ್ದಾಗಿನ ನೆಲದ ಮಟ್ಟ. ಇವತ್ತು ಆ ಜಾಗ ಗಾಳಿಯಲ್ಲಿದೆ, ಅದರ ಕೆಳಗೆ ಬೇರುಗಳ ನಡುವೆ ಮೊಣಕಾಲೆತ್ತರ, ಕೆಲವು ಕಡೆ ಸೊಂಟದೆತ್ತರ ಬರಿದಾಗಿದೆ. ಅಷ್ಟು ಮಣ್ಣು ಹೋಗಿದೆ ಎಂದು ಅರ್ಥ. ನೀರು ಏರುವಾಗಲೂ ಇಳಿಯುವಾಗಲೂ ಅಲೆಗಳು ದಡದ ಮಣ್ಣನ್ನು ಕೆರೆಯುತ್ತವೆ. ಹುಲ್ಲಿನ ಬೇರು ಊರುವಷ್ಟು ಕಾಲವನ್ನು ನೀರು ಕೊಡುವುದಿಲ್ಲ. ಮೊದಲ ಮಳೆ ಬಿದ್ದಾಗ ಬೆತ್ತಲೆ ಇಳಿಜಾರಿನಿಂದ ಕೆಂಪು ನೀರು ನೇರ ಜಲಾಶಯಕ್ಕೆ ಹರಿಯುತ್ತದೆ. ಆಮೇಲೆ ನಾನು ಅದೇ ಚೌಕಟ್ಟಿನ ಜೊತೆಗೆ ಆರಿಸಿದ ಕೆಲವು ಕುಂಟೆಗಳನ್ನು ಹತ್ತಿರದಿಂದಲೂ, ಪಕ್ಕದಲ್ಲಿ ಅಳತೆಯ ಕೋಲು ನಿಲ್ಲಿಸಿ, ಪ್ರತಿ ಮೇ ತಿಂಗಳಲ್ಲಿ ತೆಗೆಯತೊಡಗಿದೆ. ಇಳಿಜಾರಿನ ಮೇಲ್ಭಾಗದಲ್ಲಿ ವರ್ಷ ವರ್ಷವೂ ಕೋಲಿನ ಹೆಚ್ಚು ಭಾಗ ಕಾಣುತ್ತದೆ. ಕೆಳಗೆ, ಹಳೆಯ ಗದ್ದೆಯ ಬಯಲಿನಲ್ಲಿ, ಅದಕ್ಕೆ ತದ್ವಿರುದ್ಧವಾಗಿ ಕುಂಟೆಗಳು ಹೂಳಿನಲ್ಲಿ ಹುದುಗುತ್ತಿವೆ. ಮೇಲಿನಿಂದ ಹೋದದ್ದು ಎಲ್ಲಿಗೆ ಹೋಯಿತೆಂದು ಅದೇ ಚಿತ್ರ ಉತ್ತರಿಸುತ್ತದೆ. ಹೂಳೆತ್ತುವುದರ ಬಗ್ಗೆ, ಜಲಾಶಯಗಳ ಆಯುಷ್ಯದ ಬಗ್ಗೆ ಎಷ್ಟೋ ಚರ್ಚೆಗಳನ್ನು ಕೇಳಿದ್ದೇನೆ; ಮರದ ಬೇರಿನ ಪಕ್ಕ ನಿಂತ ಒಂದು ಕೋಲಿನ ಚಿತ್ರದಷ್ಟು ಅವು ನನ್ನನ್ನು ಕಲಕಲಿಲ್ಲ.

ಕುಂಟೆಗಳು ಇನ್ನೊಂದು ಲೆಕ್ಕವನ್ನೂ ಹೇಳುತ್ತವೆ. ಅರುವತ್ತು ವರ್ಷ ನೀರಿನಲ್ಲಿದ್ದೂ ಅವು ಕೊಳೆತಿಲ್ಲವೇಕೆ ಎಂದು ನೋಡಿದವರೆಲ್ಲ ಕೇಳುತ್ತಾರೆ. ಮರವನ್ನು ಕೊಳೆಸುವ ಬೂಸುಗಳಿಗೆ ತೇವದ ಜೊತೆಗೆ ಗಾಳಿಯೂ ಬೇಕು. ಆಳದಲ್ಲಿ ಸದಾ ಮುಳುಗಿದ ಮರಕ್ಕೆ ಗಾಳಿ ತಾಗುವುದಿಲ್ಲ, ಆದ್ದರಿಂದ ಅದು ಉಳಿಯುತ್ತದೆ. ವರ್ಷದ ಅರ್ಧ ನೆನೆದು ಅರ್ಧ ಒಣಗುವ ಮೇಲಿನ ಪಟ್ಟಿಯಲ್ಲಿ ಹಾಗಲ್ಲ. ನನ್ನ ಮೊದಲ ವರ್ಷಗಳ ಚಿತ್ರದಲ್ಲಿ ಮೇಲಿನ ಸಾಲಿನಲ್ಲಿ ದಪ್ಪಗಿದ್ದ ಕುಂಟೆಗಳು ಈಗ ಸವೆದು ಮೊಳೆಗಳಂತಾಗಿವೆ, ಒಂದೆರಡು ಪೂರ್ತಿ ಮಾಯವಾಗಿವೆ. ಕೊರತೆಯ ಮಳೆಗಾಲದ ಮೊದಲು, 2023ರ ಬೇಸಿಗೆಯ ಕೊನೆಯಲ್ಲಿ ನೀರು ಬಹಳ ಕೆಳಗಿಳಿದಾಗ ಹೊರಬಂದ ತಳದ ಸಾಲಿನ ಕುಂಟೆಗಳ ಮೇಲಾದರೋ ಕೊಡಲಿಯ ಕಚ್ಚು ಕೂಡ ಸ್ಪಷ್ಟವಾಗಿತ್ತು. ಒಂದೇ ವರ್ಷ ಸತ್ತ ಮರಗಳು ಇಳಿಜಾರಿನಲ್ಲಿ ನಿಂತ ಎತ್ತರಕ್ಕೆ ತಕ್ಕಂತೆ ಬೇರೆ ಬೇರೆ ವಯಸ್ಸಿನವಾಗಿವೆ. ಮೇಲಿನ ಸಾಲನ್ನು ನನ್ನ ನಂತರ ಬರುವವರು ಕಾಣಲಾರರು. ಅದಕ್ಕೇ ಅವುಗಳ ಹತ್ತಿರದ ಚಿತ್ರಗಳನ್ನು ಈಗ ಹೆಚ್ಚು ತೆಗೆಯುತ್ತಿದ್ದೇನೆ.

ಎದುರಿನ ನಡುಗಡ್ಡೆಯ ಎರಡು ಮಗ್ಗುಲುಗಳ ಕತೆ ಬೇರೆ ಬೇರೆ. ಅಕೇಶಿಯಾ ಇರುವ ಕಡೆ ಮೊದಲ ಕೆಲವು ವರ್ಷ ಒಂದೇ ಎತ್ತರದ, ವರ್ಷವಿಡೀ ಒಂದೇ ಮಾಸಲು ಹಸಿರಿನ ಗೋಡೆ. ಒಂದು ಬೇಸಿಗೆ ಕಡಿದು ಬೋಳಾಗಿಸಿದರು. ಮುಂದಿನ ವರ್ಷವೇ ಬಿದ್ದ ಬೀಜಗಳಿಂದ ಸಸಿ ಎದ್ದು, ಈಗ ಗೋಡೆ ಮತ್ತೆ ಮೊದಲಿನಂತೆ. ಕಾನಿನ ಕಡೆ ಅಂಥ ದೊಡ್ಡ ಘಟನೆ ಯಾವುದೂ ಇಲ್ಲ. ಆದರೆ ತಿಂಗಳ ಚಿತ್ರಗಳನ್ನು ಒಟ್ಟಿಗೆ ಹಾಕಿದರೆ ಅದೇ ಜೀವ ತುಂಬಿದ ಭಾಗ: ಅಂಚಿನ ಮತ್ತಿ ಮರಗಳು ಬೇಸಿಗೆಯ ಮೊದಲಿಗೆ ಎಲೆಯುದುರಿಸಿ ಬೂದಿ ಬಣ್ಣಕ್ಕೆ ಬರುವುದು, ಬೂರುಗ ಬರಿಯ ಕೊಂಬೆಗಳಲ್ಲಿ ಹೂಬಿಟ್ಟು ಕೆಂಪಾಗುವುದು, ನಂದಿಯ ಬಿಳಿ ಕಾಂಡಗಳು ಎಲೆಯ ಮರೆಯಿಲ್ಲದೆ ಎದ್ದು ಕಾಣುವುದು, ಒಳಗಿನ ನಿತ್ಯಹಸಿರು ಮರಗಳಲ್ಲಿ ತಾಮ್ರದ ಬಣ್ಣದ ಚಿಗುರು ಬಂದು ಹೋಗುವುದು. ಒಂದೊಂದೂ ತನ್ನ ತಾರೀಖನ್ನು ಹೆಚ್ಚುಕಡಿಮೆ ಕಾಯ್ದುಕೊಳ್ಳುತ್ತದೆ, ಒಂದೊಂದು ವರ್ಷ ವಾರಗಳಷ್ಟು ಹಿಂದೆ ಮುಂದೆ ಆಗುತ್ತದೆ. ಇದರಿಂದ ಹವಾಮಾನದ ಬಗ್ಗೆ ತೀರ್ಮಾನ ಹೇಳುವಷ್ಟು ದೊಡ್ಡದಲ್ಲ ನನ್ನ ಸಾಲು. ಅದು ಇನ್ನೂ ಬೆಳೆಯಬೇಕು, ಪರಿಣತರ ಕಣ್ಣಿಗೆ ಬೀಳಬೇಕು.

ಚೌಕಟ್ಟಿನ ಎಡ ಅಂಚಿನಲ್ಲಿ, ಮೊದಲ ಚಿತ್ರಗಳಲ್ಲಿ, ಒಂದು ಚಿಕ್ಕ ಬಿಳಿ ಚುಕ್ಕೆಯಂತೆ ಲಾಂಚ್ ಕಾಣುತ್ತದೆ. ಮುಳುಗಡೆಯಿಂದ ದ್ವೀಪದಂತಾದ ಕರೂರು ಸೀಮೆಯ ಜನ ಆಸ್ಪತ್ರೆಗೂ ಸಂತೆಗೂ ಕಾಲೇಜಿಗೂ ಅದನ್ನೇ ನೆಚ್ಚಿದ್ದರು. ನೀರು ತೀರ ಇಳಿದಾಗ ವಾಹನ ಹತ್ತಿಸುವುದೂ ನಿಲ್ಲುತ್ತಿತ್ತು. ಆಮೇಲೆ ನೀರಿನಲ್ಲಿ ಒಂದೊಂದಾಗಿ ಕಂಬಗಳು ಎದ್ದವು, ಕಂಬಗಳ ಮೇಲೆ ದಾರಿ ಕೂಡಿತು, 2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವಿನ, 2.44 ಕಿಲೋಮೀಟರ್ ಉದ್ದದ ಸೇತುವೆ ಸಂಚಾರಕ್ಕೆ ತೆರೆಯಿತು. ಸೇತುವೆ ಅಂಚಿನಲ್ಲಿ ಬಂದು ನೋಟ ಕೆಟ್ಟಿತಲ್ಲ, ಕ್ಯಾಮೆರಾವನ್ನು ಸ್ವಲ್ಪ ಬಲಕ್ಕೆ ತಿರುಗಿಸಬಹುದಲ್ಲ ಎಂದು ಗೆಳೆಯರು ಸಲಹೆ ಕೊಟ್ಟರು. ತಿರುಗಿಸಲಿಲ್ಲ, ತಿರುಗಿಸುವುದೂ ಇಲ್ಲ. ಅರುವತ್ತು ವರ್ಷ ಜನ ಕಾದ ದಾರಿ ಅದು. ಈ ನೀರು ಅವರಿಗೆ ಏನು ಮಾಡಿತ್ತು ಎಂಬುದರ ಭಾಗ. ಪ್ರಕೃತಿಯ ಚಿತ್ರದಲ್ಲಿ ಮನುಷ್ಯನ ಕೆಲಸ ಕಾಣಬಾರದು ಎಂಬ ನಿಯಮ ಈ ಜಾಗಕ್ಕೆ ಹೊಂದುವುದೂ ಇಲ್ಲ, ಏಕೆಂದರೆ ಇಲ್ಲಿ ನಾವು ಪ್ರಕೃತಿ ಎಂದು ಮೆಚ್ಚಿ ನಿಲ್ಲುವ ಆ ವಿಶಾಲವಾದ ನೀರೇ 1964ರದ್ದು.

ಈಗ ನನ್ನ ಗಮನವೆಲ್ಲ ಈ ಸಾಲು ಮುರಿಯದಂತೆ ನೋಡಿಕೊಳ್ಳುವುದರ ಮೇಲಿದೆ. ಫೈಲುಗಳ ಎರಡು ಪ್ರತಿಗಳು ಎರಡು ಮನೆಗಳಲ್ಲಿವೆ. ಪ್ರತಿ ವರ್ಷದ ಹನ್ನೆರಡು ಚಿತ್ರಗಳನ್ನು, ತಿಂಗಳಿಗೊಂದರಂತೆ, ಒಳ್ಳೆಯ ಕಾಗದದ ಮೇಲೆ ಮುದ್ರಿಸಿ, ಹಿಂದುಗಡೆ ಪೆನ್ಸಿಲಿನಲ್ಲಿ ತಾರೀಖನ್ನೂ ಮಟ್ಟವನ್ನೂ ಬರೆದು ಪೆಟ್ಟಿಗೆಯಲ್ಲಿಡುತ್ತೇನೆ. ಯಂತ್ರವಿಲ್ಲದೆಯೂ ಓದಬಲ್ಲ ಪ್ರತಿ ಒಂದಾದರೂ ಇರಬೇಕು. ಬಂಡೆಯ ಮೇಲೆ ನಿಲ್ಲುವ ಕ್ರಮವನ್ನು ಒಂದೇ ಹಾಳೆಯಲ್ಲಿ ಬರೆದಿದ್ದೇನೆ: ಎರಡು ಗೆರೆಗಳು ಯಾವುವು, ಟ್ರೈಪಾಡಿನ ಎತ್ತರ ಎಷ್ಟು, ಸರ್ವೆ ಕಲ್ಲಿಗೆ ಪೊದೆ ಮುಚ್ಚಿದರೆ ಕಡಿಯದೆ ಬಳಸಬೇಕಾದ ಮೂರನೆಯ ಗೆರೆ ಯಾವುದು, ಇದೇ ಲೆನ್ಸ್ ಸಿಗದಿದ್ದರೆ ಇದಕ್ಕಿಂತ ಅಗಲವಾದ ನೋಟದ ಲೆನ್ಸಿನಲ್ಲಿ ತೆಗೆದು ಆಮೇಲೆ ಅಂಚು ಕತ್ತರಿಸಬೇಕು, ಕಿರಿದಾದದ್ದು ಬೇಡ. ಆ ಜಮೀನಿನ ರೈತರ ಮಗಳು ಸಾಗರದ ಕಾಲೇಜಿನಲ್ಲಿ ಓದುತ್ತಿದ್ದಾಳೆ. ಹಾಳೆಯನ್ನು ಮಾತ್ರ ಹಿಡಿದುಕೊಂಡು, ನಾನು ಜೊತೆಗಿಲ್ಲದೆ, ಅವಳು ತೆಗೆದ ಚಿತ್ರ ನನ್ನದರ ಮೇಲೆ ಸರಿಯಾಗಿ ಕೂತಿತು. ಈಗ ನಾನು ಊರಲ್ಲಿಲ್ಲದ ತಿಂಗಳುಗಳ ಚಿತ್ರ ಅವಳದೇ. ಹೂಳು ತುಂಬುತ್ತಿರುವ ಕೆಳಗಿನ ಬಯಲಿಗೆ ಬೇರೆಯೇ ಒಂದು ಚೌಕಟ್ಟು ಬೇಕು, ಅದಕ್ಕೆ ಮುಳುಗದ ನಿಲುವು ಎಲ್ಲಿ ಸಿಕ್ಕೀತು ಎಂದು ಅವಳೇ ಕೇಳಿದ್ದಾಳೆ. ಅದನ್ನು ಹುಡುಕಲು ನೀರು ಇಳಿಯುವ ಏಪ್ರಿಲ್‌ವರೆಗೆ ಕಾಯಬೇಕು.